ಬಾಳಗಡಿಯ ಏರು

ಕಾರ್ತಿಕ ಮಾಸದ ಮುಂಜಾವಿನಲ್ಲಿ ಕೊಪ್ಪದ ಪೇಟೆಯಿಂದ ಬಾಳಗಡಿಯ ಕಡೆಗೆ ಹೊರಟ ಪ್ರಯಾಣಿಕನನ್ನು ಮೊದಲು ಇದಿರುಗೊಳ್ಳುವುದು ಬೇಯುತ್ತಿರುವ ಅಡಿಕೆಯ ವಾಸನೆ. ಮಂಜು ಇನ್ನೂ ಕಣಿವೆಯಿಂದ ಮೇಲೆದ್ದಿರುವುದಿಲ್ಲ. ತೋಟದ ಮೇಲ್ಭಾಗದಲ್ಲಿ ಅಡಿಕೆಯ ಮರಗಳ ತಲೆಗಳು ಮಾತ್ರ ಬಿಳಿಯ ನೀರಿನ ಮೇಲೆ ತೇಲುವಂತೆ ಕಾಣುತ್ತವೆ. ಎಲ್ಲಿಯೋ ಒಂದು ಅಂಗಳದಲ್ಲಿ ಹಂಡೆಯ ಕೆಳಗೆ ಬೆಂಕಿ ಉರಿಯುತ್ತಿರುತ್ತದೆ. ಸುಲಿದ ಅಡಿಕೆ ಚೊಗರಿನಲ್ಲಿ ಕುದಿಯುತ್ತಿರುತ್ತದೆ. ಆ ಹೊಗೆ ಮಂಜಿನೊಡನೆ ಬೆರೆತು ರಸ್ತೆಯ ಮೇಲೆ ನಿಧಾನವಾಗಿ ಹಾದುಹೋಗುತ್ತದೆ.

ಮಲೆನಾಡಿನ ಗ್ರಾಮದಲ್ಲಿ ಬಯಲುಸೀಮೆಯಂತೆ ಗೋಡೆಗೆ ಗೋಡೆ ತಾಗಿದ ಬೀದಿಗಳನ್ನು ಹುಡುಕಬಾರದು. ಇಲ್ಲಿ ಕಣಿವೆಗೊಂದು ಮನೆ, ಗುಡ್ಡದ ಓರೆಗೊಂದು ಮನೆ. ನಡುವೆ ತೋಟ, ಗದ್ದೆ, ಕಾಫಿಯ ಗಿಡಗಳು, ಕಾಡು. ಮನೆಯಿಂದ ಡಾಂಬರು ರಸ್ತೆಗೆ ಬರಬೇಕಾದರೆ ಒಂದು ಏರನ್ನು ಹತ್ತಲೇಬೇಕು. ಮಳೆಗಾಲದಲ್ಲಿ ಆ ಏರು ಕೆಂಪು ಕೆಸರು. ಬೇಸಿಗೆಯಲ್ಲಿ ಅದೇ ಏರು ಜಾರುವ ನುಣ್ಣನೆಯ ಮಣ್ಣು. ಆದುದರಿಂದ ಈ ಸೀಮೆಯಲ್ಲಿ ಒಂದು ಗಾಡಿಯನ್ನು ಹೊಗಳುವವರು ಅದರ ಬಣ್ಣವನ್ನಾಗಲಿ ವೇಗವನ್ನಾಗಲಿ ಎತ್ತಿ ಆಡುವುದಿಲ್ಲ. “ಏರಿಗೆ ಹೇಗೆ ಎಳೆಯುತ್ತದೆ?” ಎಂದು ಮಾತ್ರ ಕೇಳುತ್ತಾರೆ.

ಎರಡು ನದಿಗಳ ನಡುವೆ

ಕೊಪ್ಪದ ಒಂದು ಮಗ್ಗುಲಿನಲ್ಲಿ ಶೃಂಗೇರಿ, ಹರಿಹರಪುರಗಳನ್ನು ತೊಳೆದು ತುಂಗೆ ಹರಿಯುತ್ತಾಳೆ. ಇನ್ನೊಂದು ಮಗ್ಗುಲಿನಲ್ಲಿ ಬಾಳೆಹೊನ್ನೂರನ್ನು ದಾಟಿ ಭದ್ರೆ ಹರಿಯುತ್ತಾಳೆ. ಗಂಗಾಮೂಲದಲ್ಲಿ ಹುಟ್ಟಿ ಅಲ್ಲಿಂದಲೇ ಅಗಲಿದ ಈ ಅಕ್ಕತಂಗಿಯರು ಮತ್ತೆ ಕೂಡುವುದು ದೂರದ ಕೂಡಲಿಯಲ್ಲಿ. ಅವರ ನಡುವೆ ಉಳಿದ ಎತ್ತರದ ನೆಲದಲ್ಲಿ ಕೊಪ್ಪವೂ ಅದರ ಸುತ್ತಣ ಹಳ್ಳಿಗಳೂ ನೆಲೆಗೊಂಡಿವೆ. ಉತ್ತರಕ್ಕಿರುವ ನರಸಿಂಹರಾಜಪುರವನ್ನು ಹಿಂದೆ ಎಡೇಹಳ್ಳಿ ಎಂದು ಕರೆಯುತ್ತಿದ್ದರು. 1915ರಲ್ಲಿ ಮೈಸೂರಿನ ಯುವರಾಜರ ಭೇಟಿಯಿಂದ ಅದಕ್ಕೆ ಈ ಹೆಸರು ಬಂದಿತು. ಕೊಪ್ಪಕ್ಕಾಗಲಿ ಶೃಂಗೇರಿಗಾಗಲಿ ರೈಲು ಇಲ್ಲ. ಅಡಿಕೆಯ ಮೂಟೆ, ಶಾಲೆಯ ಮಕ್ಕಳು, ಮದುವೆಯ ದಿಬ್ಬಣ, ರೋಗಿ, ಎಲ್ಲವೂ ರಸ್ತೆಯ ಮೇಲೆಯೇ ಸಾಗಬೇಕು.

ಈ ರಸ್ತೆಗಳ ಕಥೆಯಲ್ಲಿ ಕೊಪ್ಪಕ್ಕೆ ಒಂದು ವಿಶೇಷ ಅಧ್ಯಾಯವುಂಟು. 1991ರಲ್ಲಿ ಇಲ್ಲಿನ ಒಂದು ಖಾಸಗಿ ಬಸ್ ಸಂಸ್ಥೆ ನಿಂತುಹೋದಾಗ ಅದರ ಕಾರ್ಮಿಕರು ಊರು ಬಿಟ್ಟು ಹೋಗಲಿಲ್ಲ. ತಾವೇ ಸೇರಿ ‘ಸಹಕಾರ ಸಾರಿಗೆ’ಯನ್ನು ಕಟ್ಟಿದರು. ಚಾಲಕರೂ ನಿರ್ವಾಹಕರೂ ಮೆಕ್ಯಾನಿಕರೂ ಮಾಲೀಕರಾದ ಆ ಬಸ್ಸುಗಳು ಇಪ್ಪತ್ತೆಂಟು ವರ್ಷಗಳಿಗೂ ಹೆಚ್ಚು ಕಾಲ ಮಲೆನಾಡಿನ ತಿರುವುಗಳಲ್ಲಿ ಓಡಾಡಿದವು. 2020ರಲ್ಲಿ ಅವೂ ನಿಂತವು. ಅಂದಿನಿಂದ ಒಳಹಳ್ಳಿಯ ಮನೆಗಳಿಗೆ ಸ್ವಂತ ಗಾಡಿಯೆಂಬುದು ಇನ್ನಷ್ಟು ಬೇಕಾದ ವಸ್ತುವಾಯಿತು. ಸರಿರಾತ್ರಿಯಲ್ಲಿ ಎದೆನೋವು ಕಾಣಿಸಿಕೊಂಡರೆ ಕೊಟ್ಟಿಗೆಯ ಪಕ್ಕದಲ್ಲಿ ನಿಂತ ಜೀಪಿನ ಎಂಜಿನ್ನೇ ದೇವರು.

ಬಾಳಗಡಿಯ ಒಂದು ಮನೆಯಲ್ಲಿ ಅಂತಹ ಒಂದು ಜೀಪು ಇತ್ತು. ಹಳೆಯ ಕಾಲದ ಯಾಂತ್ರಿಕ ಪಂಪಿನ ಡೀಸೆಲ್ ಎಂಜಿನ್, ಅದಕ್ಕೆ ಟರ್ಬೊ. ಮನೆಯ ಯಜಮಾನರು ಯೌವನವನ್ನೆಲ್ಲ ಬಸ್ಸುಗಳ ಕೆಳಗೆ ಮಲಗಿ ಸ್ಪ್ಯಾನರ್ ಹಿಡಿದು ಕಳೆದವರು. ಈಗ ಎರಡು ಎಕರೆ ತೋಟವನ್ನು ನೋಡಿಕೊಂಡಿದ್ದರು. ಅವರ ಅಕ್ಕನೂ ಆ ಮನೆಯಲ್ಲಿಯೇ ಇದ್ದರು. ಅಕ್ಕನ ಹೃದಯ ದುರ್ಬಲವಾದ್ದರಿಂದ ಎರಡು ತಿಂಗಳಿಗೊಮ್ಮೆ ಆಗುಂಬೆಯ ಘಟ್ಟವನ್ನು ಇಳಿದು ಮಣಿಪಾಲಕ್ಕೆ ಹೋಗಿ ವೈದ್ಯರಿಗೆ ತೋರಿಸಿ ಬರಬೇಕಿತ್ತು. ಬೆಂಗಳೂರಿನಲ್ಲಿ ಉದ್ಯೋಗದಲ್ಲಿದ್ದ ಮಗನು ಆ ದಿನಕ್ಕೆ ರಜೆ ಹಾಕಿ ಬರುತ್ತಿದ್ದನು.

ಹಿಂದಿನ ಸಲ ಹಿಂದಿರುಗುವಾಗ ಘಟ್ಟದ ನಡುವೆ ಒಂದು ಮಿನಿ ಬಸ್ಸಿನ ಹಿಂದೆ ಜೀಪು ನಿಲ್ಲಬೇಕಾಯಿತು. ಮತ್ತೆ ಹೊರಟಾಗ ಎಂಜಿನ್ ಉಸಿರುಗಟ್ಟಿದಂತೆ ನರಳಿತು. ಹಿಂದೆ ಕರಿಯ ಹೊಗೆಯ ಮುಗಿಲು ಎದ್ದಿತು. ಗಾಡಿ ಮುಂದಕ್ಕೆ ಹೋಗುವ ಬದಲು ಎರಡು ಮೊಳ ಹಿಂದಕ್ಕೆ ಸರಿಯಿತು. ಎಡಗಡೆಯಲ್ಲಿ ಕಣಿವೆ. ಅನಾಹುತವೇನೂ ಆಗಲಿಲ್ಲ, ಆದರೆ ಮನೆಗೆ ಬಂದ ಮೇಲೆ ತಾಯಿ ಒಂದೇ ಮಾತು ಹೇಳಿದರು: “ಇನ್ನು ನಾನು ಈ ಗಾಡಿಯಲ್ಲಿ ಘಟ್ಟ ಹತ್ತುವುದಿಲ್ಲ. ಮದ್ದು ಕೊಪ್ಪದಲ್ಲೇ ಸಿಕ್ಕಿದ್ದು ಸಾಕು.”

ಈ ಮಾತು ಮಗನ ಮನಸ್ಸಿನಲ್ಲಿ ಎರಡು ತಿಂಗಳು ಕೊರೆಯಿತು. ದೀಪಾವಳಿಯ ಮರುವಾರ ಊರಿಗೆ ಬಂದಾಗ ಅವನ ಚೀಲದಲ್ಲಿ ಸಿಹಿತಿಂಡಿಯ ಪೊಟ್ಟಣದ ಜೊತೆಗೆ ಹೆಬ್ಬೆರಳಿನಷ್ಟು ದಪ್ಪದ ಒಂದು ಹಿತ್ತಾಳೆಯ ತುಂಡೂ, ಒಂದು ಮೀಟರೂ, ಒಂದು ಗಜ ರಬ್ಬರು ಪೈಪೂ ಇದ್ದವು.

“ಎಂತ ಮಾರಾಯ ಇದು?” ಎಂದು ಮಾವ ಕೇಳಿದರು.

“ಬೂಸ್ಟ್ ಕಂಟ್ರೋಲರ್, ಮಾವ. ಕೈಯಲ್ಲೇ ತಿರುಗಿಸುವುದು. ಇದನ್ನು ಹಾಕಿದರೆ ಟರ್ಬೊ ಇನ್ನೂ ಹೆಚ್ಚು ಗಾಳಿ ಕೊಡುತ್ತದೆ. ಅಮ್ಮನನ್ನು ಕೂರಿಸಿಕೊಂಡು ಘಟ್ಟ ಸಲೀಸಾಗಿ ಹತ್ತಬಹುದು.”

ಬೆಟ್ಟದ ಮೇಲೆ ಪರೀಕ್ಷೆಗೊಂಡ ಯುಕ್ತಿ

ಎಂಜಿನ್ ಉಣ್ಣುವುದು ಎಣ್ಣೆಯನ್ನು ಮಾತ್ರವಲ್ಲ, ಗಾಳಿಯನ್ನೂ ಉಣ್ಣುತ್ತದೆ. ಎತ್ತರಕ್ಕೆ ಹೋದಷ್ಟೂ ಗಾಳಿ ತೆಳ್ಳಗಾಗುತ್ತದೆ. ಕೊಪ್ಪ ಸಮುದ್ರಮಟ್ಟದಿಂದ ಸುಮಾರು 760 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿಯ ಒತ್ತಡ ಕರಾವಳಿಯಲ್ಲಿರುವುದರ ನೂರಕ್ಕೆ ತೊಂಬತ್ತೊಂದು ಪಾಲು ಮಾತ್ರ. ಇದೇ ಜಿಲ್ಲೆಯ ಮುಳ್ಳಯ್ಯನಗಿರಿ ಸುಮಾರು 1,925 ಮೀಟರು. ಅದರ ನೆತ್ತಿಯಲ್ಲಿ ಅದು ನೂರಕ್ಕೆ ಎಂಬತ್ತರ ಹತ್ತಿರಕ್ಕೆ ಇಳಿದಿರುತ್ತದೆ. ಬರಿಯ ಉಸಿರಿನಿಂದ ನಡೆಯುವ ಎಂಜಿನ್ನಿನ ಶಕ್ತಿಯೂ ಹೆಚ್ಚುಕಡಿಮೆ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ.

ಈ ಕೊರತೆಯನ್ನು ತುಂಬುವ ಯುಕ್ತಿಯ ಬೀಜವನ್ನು ಬಿತ್ತಿದವನು ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಕಿ ಎಂಬ ಎಂಜಿನಿಯರು. ಅವನ ಪೇಟೆಂಟು 1905ರದು. ಎಂಜಿನ್ ಹೊರಗೆಸೆಯುವ ಬಿಸಿಹೊಗೆಯಲ್ಲಿಯೂ ಬಲವುಂಟು. ಆ ಹೊಗೆಯಿಂದ ಒಂದು ಚಕ್ರವನ್ನು ತಿರುಗಿಸಿ, ಅದೇ ದಂಡದ ಇನ್ನೊಂದು ತುದಿಯ ಚಕ್ರದಿಂದ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್ನಿನೊಳಕ್ಕೆ ತುಂಬುವುದೇ ಟರ್ಬೊ. ಅದರ ದಂಡ ನಿಮಿಷಕ್ಕೆ ಲಕ್ಷಕ್ಕೂ ಮಿಕ್ಕಿ ಸುತ್ತು ಸುತ್ತುತ್ತದೆ. ಬೇರೆ ಖರ್ಚಿಲ್ಲದೆ, ವ್ಯರ್ಥವಾಗುವ ಹೊಗೆಯೇ ಕೂಲಿಯಾಳಾಗುತ್ತದೆ.

ಅಮೆರಿಕದಲ್ಲಿ ಸ್ಯಾನ್‌ಫರ್ಡ್ ಮಾಸ್ ಎಂಬುವನು 1918ರಲ್ಲಿ ವಿಮಾನದ ಲಿಬರ್ಟಿ ಎಂಜಿನ್ ಒಂದನ್ನು ಟ್ರಕ್ಕಿನ ಮೇಲೇರಿಸಿಕೊಂಡು ಹದಿನಾಲ್ಕು ಸಾವಿರ ಅಡಿ ಎತ್ತರದ ಪೈಕ್ಸ್ ಪೀಕ್ ಬೆಟ್ಟವನ್ನು ಹತ್ತಿದನು. ಕೆಳಗೆ ಸುಮಾರು 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಬೆಟ್ಟದ ಮೇಲೆ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದ ಮೇಲೆ ತನ್ನ ಮೊದಲಿನ ಶಕ್ತಿಯನ್ನೆಲ್ಲ ಮರಳಿ ಪಡೆಯಿತು. ಹೀಗೆ ಟರ್ಬೊವಿನ ದೊಡ್ಡ ಪರೀಕ್ಷೆಯೊಂದು ನಡೆದದ್ದು ಬೆಟ್ಟದ ಮೇಲೆಯೇ ಎಂಬುದನ್ನು ಬಾಳಗಡಿಯಂತಹ ಊರಿನಲ್ಲಿ ನೆನೆಯುವುದು ಉಚಿತವಾಗಿದೆ. ಜನರು ಕೊಳ್ಳುವ ಕಾರುಗಳಿಗೆ ಅದು ಬರಲು 1962ರವರೆಗೆ ಕಾಯಬೇಕಾಯಿತು. ಆ ವರ್ಷ ಅಮೆರಿಕದ ಓಲ್ಡ್ಸ್‌ಮೊಬೈಲ್ ಮತ್ತು ಷೆವ್ರೊಲೆ ಕಂಪನಿಗಳು ಟರ್ಬೊ ಇರುವ ಕಾರುಗಳನ್ನು ಮಾರಾಟಕ್ಕೆ ತಂದವು.

ಆದರೆ ಉಸಿರು ಹೆಚ್ಚಾದರೂ ಅಪಾಯವೇ. ಗಾಳಿ ಮಿತಿಮೀರಿ ಒತ್ತಿದರೆ ಸಿಲಿಂಡರಿನೊಳಗಿನ ಒತ್ತಡವೇರಿ ಹೆಡ್ ಗ್ಯಾಸ್ಕೆಟ್ ಒಡೆಯಬಹುದು. ಪೆಟ್ರೋಲ್ ಎಂಜಿನ್ನಿನಲ್ಲಿ ಕಾಲವಲ್ಲದ ಕಾಲದಲ್ಲಿ ಉರಿ ಹೊತ್ತಿ ಪಿಸ್ಟನ್ ತೂತಾಗಬಹುದು. ಟರ್ಬೊ ತನ್ನ ಮಿತಿಗಿಂತ ವೇಗವಾಗಿ ಸುತ್ತಿ ತಾನೇ ಪುಡಿಯಾಗಬಹುದು. ಆದುದರಿಂದ ಹೊಗೆಯ ದಾರಿಯಲ್ಲಿ ಒಂದು ಸಣ್ಣ ಕದವನ್ನು ಇಟ್ಟಿರುತ್ತಾರೆ. ವೇಸ್ಟ್‌ಗೇಟ್ ಎಂದು ಅದರ ಹೆಸರು. ಗಾಳಿಯ ಒತ್ತಡ ನಿಗದಿಯಾದ ಅಂಕೆಯನ್ನು ಮುಟ್ಟಿದಾಗ ಒಂದು ರಬ್ಬರು ಪೈಪಿನ ಮೂಲಕ ಆ ಒತ್ತಡವೇ ಆಕ್ಚುಯೇಟರ್ ಎಂಬ ಡಬ್ಬಿಯೊಳಗಿನ ಪೊರೆಯನ್ನು ತಳ್ಳುತ್ತದೆ, ಪೊರೆ ಸ್ಪ್ರಿಂಗನ್ನು ಮಣಿಸಿ ಸರಳನ್ನು ನೂಕುತ್ತದೆ, ಕದ ತೆರೆಯುತ್ತದೆ, ಮಿಕ್ಕ ಹೊಗೆ ಚಕ್ರವನ್ನು ಮುಟ್ಟದೆ ಹೊರಗೆ ಹೋಗುತ್ತದೆ. ಕೆರೆಗೆ ಕೋಡಿ ಇದ್ದಂತೆ ಟರ್ಬೊವಿಗೆ ಈ ಕದ.

ಒಂದು ಗುಂಡು, ಒಂದು ಸ್ಪ್ರಿಂಗು

ಯುವಕನು ತಂದ ಹಿತ್ತಾಳೆಯ ತುಂಡು ಈ ಕೋಡಿಯ ಎತ್ತರವನ್ನು ಬದಲಿಸುವ ಉಪಕರಣ. ಅದರೊಳಗೆ ಉಕ್ಕಿನ ಒಂದು ಚಿಕ್ಕ ಗುಂಡು. ಅದನ್ನು ಅದುಮಿ ಹಿಡಿದ ಒಂದು ಸ್ಪ್ರಿಂಗು. ಸ್ಪ್ರಿಂಗನ್ನು ಬಿಗಿಯುವ ಒಂದು ಸ್ಕ್ರೂ. ಇದನ್ನು ಟರ್ಬೊವಿನಿಂದ ಆಕ್ಚುಯೇಟರಿಗೆ ಹೋಗುವ ರಬ್ಬರು ಪೈಪಿನ ನಡುವೆ ಕೂರಿಸಬೇಕು. ಗಾಳಿಯ ಒತ್ತಡ ಗುಂಡನ್ನು ಎತ್ತುವಷ್ಟು ಬೆಳೆಯುವವರೆಗೆ ಆಕ್ಚುಯೇಟರಿಗೆ ಸುದ್ದಿಯೇ ಮುಟ್ಟುವುದಿಲ್ಲ. ಕದ ಬಿಗಿಯಾಗಿ ಮುಚ್ಚಿಕೊಂಡಿರುತ್ತದೆ. ಟರ್ಬೊ ಬೇಗನೆ ವೇಗಕ್ಕೆ ಬರುತ್ತದೆ. ಸ್ಕ್ರೂವನ್ನು ಒಳಕ್ಕೆ ತಿರುಗಿಸಿದಷ್ಟೂ ಒತ್ತಡ ಹೆಚ್ಚು, ಹೊರಕ್ಕೆ ತಿರುಗಿಸಿದಷ್ಟೂ ಕಡಮೆ. ಗುಂಡನ್ನು ದಾಟಿದ ಗಾಳಿ ಅಲ್ಲಿಯೇ ಸಿಕ್ಕಿಹಾಕಿಕೊಳ್ಳದಂತೆ ಸೂಜಿಯ ಮೊನೆಯಷ್ಟು ಒಂದು ರಂಧ್ರವನ್ನೂ ಕೊರೆದಿರುತ್ತಾರೆ. ಆ ರಂಧ್ರಕ್ಕೆ ಮಣ್ಣು ತುಂಬಿದರೆ, ಒಮ್ಮೆ ತೆರೆದ ಕದ ಬೇಗ ಮುಚ್ಚಲಾರದು. ಎಷ್ಟೇ ಸಡಿಲಿಸಿದರೂ ಆಕ್ಚುಯೇಟರಿನ ಸ್ವಂತ ಸ್ಪ್ರಿಂಗಿಗಿಂತ ಕೆಳಕ್ಕೆ ಒತ್ತಡವನ್ನು ಇಳಿಸುವುದು ಇದರಿಂದ ಸಾಧ್ಯವಿಲ್ಲ. ಏರಿಸುವುದೊಂದೇ ಇದಕ್ಕೆ ಗೊತ್ತು.

ಕೊಟ್ಟಿಗೆಯ ಮಗ್ಗುಲಿನ ಮಾಡಿನ ಕೆಳಗೆ ಕೆಲಸ ಆರಂಭವಾಯಿತು. ಮಾವನಿಗೆ ಈ ಯೋಜನೆಯಲ್ಲಿ ನಂಬಿಕೆಯಿರಲಿಲ್ಲ. ಆದರೆ ತಪ್ಪಾಗಿ ಮಾಡುವುದಕ್ಕಿಂತ ತಾವೇ ಪಕ್ಕದಲ್ಲಿ ನಿಲ್ಲುವುದು ಲೇಸೆಂದು ಅವರು ಬಗೆದರು. ಎಂಜಿನ್ ಪೂರ್ತಿ ತಣ್ಣಗಾಗುವವರೆಗೆ ಬಾನೆಟ್ ಮುಟ್ಟಗೊಡಲಿಲ್ಲ. ಮೊದಲು ಮೀಟರು ಕೂರಿಸಿದರು. ಗಾಳಿ ಎಂಜಿನ್ನನ್ನು ಪ್ರವೇಶಿಸುವ ಕೊಳವೆಯಿಂದ ಸಪೂರ ಪೈಪೊಂದನ್ನು ಎಳೆದು ಸ್ಟೀರಿಂಗಿನ ಪಕ್ಕಕ್ಕೆ ತಂದರು. “ಮೀಟರಿಲ್ಲದೆ ಈ ಸ್ಕ್ರೂ ಮುಟ್ಟುವುದು, ಉಪ್ಪು ನೋಡದೆ ಸಾರಿಗೆ ಉಪ್ಪು ಸುರಿದ ಹಾಗೆ” ಎಂದರು ಮಾವ.

ಅನಂತರ ಆಕ್ಚುಯೇಟರಿನ ಪೈಪನ್ನು ಕಳಚಿದರು. ಹಿತ್ತಾಳೆಯ ತುಂಡಿನ ಮೇಲಿನ ಬಾಣದ ಗುರುತು ಆಕ್ಚುಯೇಟರಿನ ಕಡೆಗೆ ಇರುವಂತೆ ನೋಡಿಕೊಂಡರು. ಹೊಸ ಪೈಪನ್ನು ಬೇಕಾದಷ್ಟೇ ಗಿಡ್ಡವಾಗಿ ಕತ್ತರಿಸಿದರು. ಉದ್ದವಾದರೆ ಸುದ್ದಿ ತಡವಾಗಿ ಮುಟ್ಟುತ್ತದೆ. ಹೊಗೆಯ ಕೊಳವೆಯ ಬಿಸಿ ತಾಗದ ಕಡೆ ಒಂದು ತಗಡಿನ ಪಟ್ಟಿಗೆ ಬಿಗಿದರು. ಪ್ರತಿಯೊಂದು ತುದಿಗೂ ಕ್ಲಿಪ್ಪು ಹಾಕಿ, ಕೈಯಿಂದ ಜಗ್ಗಿ ನೋಡಿದರು. ಈ ಕ್ಲಿಪ್ಪುಗಳಲ್ಲಿ ಒಂದು ಕಳಚಿದರೂ ಆಕ್ಚುಯೇಟರಿಗೆ ಗಾಳಿ ಮುಟ್ಟದೆ ಕದ ತೆರೆಯುವುದೇ ಇಲ್ಲ. ಒತ್ತಡ ಎಲ್ಲೆ ಮೀರಿ ಏರುತ್ತದೆ. ಎಂಟಾಣೆಯ ವಸ್ತುವಿನ ಮೇಲೆ ಎಂಜಿನ್ನಿನ ಆಯುಸ್ಸು ನಿಂತಿರುವುದು ಹೀಗೆ. ಕೊನೆಗೆ ಸ್ಕ್ರೂವನ್ನು ಪೂರ್ತಿ ಹೊರಕ್ಕೆ ಸಡಿಲಿಸಿ, ಅಲ್ಲಿಂದ ಸುತ್ತು ಎಣಿಸಬೇಕೆಂದು ಗೊತ್ತುಮಾಡಿಕೊಂಡರು.

ಏರಿನ ಪರೀಕ್ಷೆ

ಮನೆಯಿಂದ ಡಾಂಬರು ರಸ್ತೆಯವರೆಗಿನ ಏರು ಎರಡು ಫರ್ಲಾಂಗಿನಷ್ಟು ಉದ್ದ. ಜಗಲಿಯ ಮೇಲೆ ಅಡಿಕೆ ಸುಲಿಯುತ್ತ ಕುಳಿತಿದ್ದ ತಾಯಿ, ಮೆಟ್ಟುಗತ್ತಿಯಿಂದ ಕಣ್ಣೆತ್ತದೆಯೇ ಎಂಜಿನ್ನಿನ ಸದ್ದನ್ನು ಕೇಳುತ್ತಿದ್ದರು.

ಮೊದಲ ಸಲ ಮೀಟರಿನ ಮುಳ್ಳು 0.5 ಬಾರ್ ಎಂಬಲ್ಲಿಗೆ ಬಂದು ನಿಂತಿತು. ಈ ಎಂಜಿನ್ನಿಗೆ ಕಾರ್ಖಾನೆಯವರು ಗೊತ್ತುಮಾಡಿದ್ದು 0.8. ಯುವಕನು ಇಳಿದು ಸ್ಕ್ರೂವನ್ನು ಕಾಲು ಸುತ್ತು ಒಳಕ್ಕೆ ತಿರುಗಿಸಿದನು. ಮತ್ತೆ 0.5. ಅರ್ಧ ಸುತ್ತು, ಅದೇ ಅಂಕೆ. ಒಂದು ಸುತ್ತು, ಎರಡು ಸುತ್ತು, ಮೂರು ಸುತ್ತು. ಮುಳ್ಳು ಮೊಂಡು ಎತ್ತಿನಂತೆ ಅಲ್ಲಿಂದ ಕದಲಲಿಲ್ಲ. ಜೀಪಿನ ಹಿಂದೆ ಮಾತ್ರ ಕರಿಯ ಹೊಗೆ ತೋಟದ ಮೇಲೆಲ್ಲ ಹರಡಿತು.

“ಪಂಪಿನ ಸ್ಕ್ರೂ ತಿರುಗಿಸಿ ಡೀಸೆಲ್ ಸ್ವಲ್ಪ ಹೆಚ್ಚು ಮಾಡೋಣವೇ, ಮಾವ?”

ಮಾವ ಎಂಜಿನ್ ನಿಲ್ಲಿಸಲು ಸನ್ನೆ ಮಾಡಿದರು. “ಗಾಳಿ ಇಲ್ಲದ ಒಲೆಗೆ ಎಣ್ಣೆ ಸುರಿದರೆ ಹೊಗೆ ಬರ್ತದೆ, ಉರಿ ಬರ್ತದಾ? ಕರಿ ಹೊಗೆ ಅಂದ್ರೆ ಅದು ಹಸಿವಲ್ಲ ಮಾರಾಯ, ಅಜೀರ್ಣ. ನಿನ್ನ ಟರ್ಬೊ ಗಾಳಿ ಮಾಡ್ತಾ ಇದೆ. ಅದು ಎಂಜಿನ್ನಿಗೆ ಮುಟ್ಟುತ್ತಾ ಇಲ್ಲ. ನಡುವೆ ಎಲ್ಲೋ ಸೋರ್ತಾ ಇದೆ.”

ಸೋರಿದ ಉಸಿರು

ಒತ್ತಿದ ಗಾಳಿ ಬಿಸಿಯಾಗುತ್ತದೆ. ಬಿಸಿಯಾದ ಗಾಳಿ ಮತ್ತೆ ತೆಳ್ಳಗಾಗುತ್ತದೆ. ಆದುದರಿಂದ ಟರ್ಬೊವಿನಿಂದ ಹೊರಟ ಗಾಳಿಯನ್ನು ಇಂಟರ್‌ಕೂಲರ್ ಎಂಬ ಜಾಲರಿಯ ಪೆಟ್ಟಿಗೆಯಲ್ಲಿ ತಣಿಸಿ ಎಂಜಿನ್ನಿಗೆ ಕಳುಹಿಸುತ್ತಾರೆ. ಈ ದಾರಿಯುದ್ದಕ್ಕೂ ದಪ್ಪ ರಬ್ಬರು ಹೋಸುಗಳೂ ಅವುಗಳ ಕೀಲುಗಳೂ ಇರುತ್ತವೆ. ಸೋರುವುದಿದ್ದರೆ ಅಲ್ಲಿಯೇ.

ಮಾವ ಟರ್ಬೊ ಗಾಳಿ ಎಳೆದುಕೊಳ್ಳುವ ಬಾಯಿಗೆ ಒಂದು ಪ್ಲಾಸ್ಟಿಕ್ ಡಬ್ಬಿಯ ತಳವನ್ನು ಕತ್ತರಿಸಿ ಬಿಗಿದರು. ಅದಕ್ಕೆ ಹಳೆಯ ಟ್ಯೂಬಿನ ವಾಲ್ವ್ ಸಿಕ್ಕಿಸಿ, ಕಾಲು ಪಂಪಿನಿಂದ ಮೆಲ್ಲಗೆ ಗಾಳಿ ತುಂಬಿಸಲು ಅಳಿಯನಿಗೆ ಹೇಳಿದರು. ತಾವು ಒಂದು ಬಟ್ಟಲಿನಲ್ಲಿ ಸೋಪಿನ ನೀರು ಕಲಸಿ ಪ್ರತಿಯೊಂದು ಕೀಲಿಗೂ ಬಟ್ಟೆಯಿಂದ ಸವರುತ್ತ ಬಂದರು. ಟರ್ಬೊವಿನ ಬಾಯಿ ಸರಿಯಾಗಿತ್ತು. ಇಂಟರ್‌ಕೂಲರಿನ ಒಳಬಾಯಿ ಸರಿಯಾಗಿತ್ತು. ಹೊರಬಾಯಿಯಿಂದ ಎಂಜಿನ್ನಿಗೆ ಹೋಗುವ ಡೊಂಕು ಹೋಸಿನ ಅಡಿಭಾಗಕ್ಕೆ ಬಟ್ಟೆ ತಾಗುತ್ತಲೇ ಬಿಳಿಯ ನೊರೆಗುಳ್ಳೆಗಳು ಬುಸುಬುಸನೆ ಎದ್ದವು.

ಹೋಸನ್ನು ಕಳಚಿ ಬೆಳಕಿಗೆ ಹಿಡಿದಾಗ ಒಂದು ಗೇಣುದ್ದದ ಸೀಳು ಕಾಣಿಸಿತು. ಸೀಳಿನ ಅಂಚಿನಲ್ಲಿ ಸಾಲಾಗಿ ಸಣ್ಣ ಹಲ್ಲಿನ ಗುರುತುಗಳು. ಬ್ಯಾಟರಿಯ ಹಿಂದೆ ಕೈಯಿಟ್ಟರೆ ಅಡಿಕೆಯ ಸಿಪ್ಪೆಯ ನಾರಿನಿಂದ ಹೆಣೆದ ಬೆಚ್ಚನೆಯ ಗೂಡೊಂದು ಸಿಕ್ಕಿತು. ಮಳೆಗಾಲದಲ್ಲಿ ಮಲೆನಾಡಿನ ಇಲಿಗಳಿಗೆ ಎಂಜಿನ್ನಿನ ಬಿಸಿಗಿಂತ ಒಳ್ಳೆಯ ಮನೆ ಬೇರಿಲ್ಲ. ಚಪ್ಪಟೆ ದಾರಿಯಲ್ಲಿ ಒತ್ತಡ ಕಡಮೆ ಇರುವಾಗ ಆ ಸೀಳು ಮುಚ್ಚಿಕೊಂಡಿರುತ್ತಿತ್ತು. ಘಟ್ಟದಲ್ಲಿ ಎಂಜಿನ್ ಹೆಚ್ಚು ಗಾಳಿ ಕೇಳಿದೊಡನೆ ಬಾಯಿ ತೆರೆಯುತ್ತಿತ್ತು. ಅತ್ಯಂತ ಬೇಕಾದ ಗಳಿಗೆಯಲ್ಲಿಯೇ ಉಸಿರು ಸೋರಿಹೋಗುತ್ತಿತ್ತು. ತಾಯಿ ಕಂಡ ಹೊಗೆಯ ಗುಟ್ಟು ಅದೇ.

ಯುವಕನು ಬಹಳ ಹೊತ್ತು ಆ ಹೋಸನ್ನು ನೋಡುತ್ತ ಕುಳಿತನು. ಎರಡು ತಿಂಗಳು ಅವನು ಯೋಚಿಸಿದ್ದು ಹೆಚ್ಚಿನ ಬಲವನ್ನು ಎಲ್ಲಿಂದ ತರುವುದೆಂದು. ಇದ್ದ ಬಲ ಎಲ್ಲಿ ಹೋಯಿತೆಂದು ಒಮ್ಮೆಯೂ ಕೇಳಿರಲಿಲ್ಲ.

ಮಾರನೆಯ ದಿನ ಕೊಪ್ಪದ ಪೇಟೆಯಿಂದ ಹೊಸ ಹೋಸು ಬಂದಿತು. ಮಣಿಪಾಲದ ವೈದ್ಯರ ಭೇಟಿ ಅದರ ಮರುದಿನಕ್ಕೆ ಗೊತ್ತಾಗಿತ್ತು. ಹೋಸು ಕೂರಿಸಿ, ಕ್ಲಿಪ್ಪು ಬಿಗಿದು, ಕೈ ಒರೆಸಿಕೊಂಡ ಯುವಕನು ಜಗಲಿಯ ಕಡೆಗೆ ತಿರುಗಿ, “ಅಮ್ಮ, ಬಾ. ಪೇಟೆಯವರೆಗೆ ಹೋಗಿ ಬರೋಣ. ನೀನೇ ನೋಡು, ಹೇಗೆ ಎಳೆಯುತ್ತದೆ” ಎಂದನು. ಮಗನ ಮುಖವನ್ನು ನೋಡಿ ತಾಯಿ ಇಲ್ಲವೆನ್ನಲಾರದೆ ಸೆರಗು ಸರಿಪಡಿಸಿಕೊಂಡು ಮುಂದಿನ ಸೀಟಿನಲ್ಲಿ ಕುಳಿತರು. ಎಂಜಿನ್ ಶುರುವಾಯಿತು.

ಹಂಡೆಯ ಬಳಿಯಿದ್ದ ಮಾವ ಅಲ್ಲಿಂದಲೇ ಕೂಗಿದರು: “ನಿಲ್ಲಿಸು! ಮೊನ್ನೆ ಒಳಕ್ಕೆ ತಿರುಗಿಸಿದ ಮೂರು ಸುತ್ತು ಏನಾಯ್ತು?”

ಯುವಕನ ಕೈ ಗೇರಿನ ಮೇಲೆಯೇ ನಿಂತಿತು. ಸ್ಕ್ರೂ ಮೂರು ಸುತ್ತು ಒಳಗೇ ಉಳಿದಿತ್ತು. ಸೀಳು ಇದ್ದಷ್ಟು ದಿನ ಅದು ನಿರಪಾಯವಾಗಿತ್ತು. ಎಷ್ಟು ಬಿಗಿದರೂ ಗಾಳಿ ಹೊರಗೆ ಹೋಗುತ್ತಿತ್ತು. ಈಗ ದಾರಿ ಮುಚ್ಚಿತ್ತು. ಇದೇ ಸ್ಥಿತಿಯಲ್ಲಿ ಏರಿನಲ್ಲಿ ಪೆಡಲ್ ಒತ್ತಿದ್ದರೆ ಮುಳ್ಳು 0.8ನ್ನು ದಾಟಿ ಎಲ್ಲಿಗೆ ಹೋಗಿ ನಿಲ್ಲುತ್ತಿತ್ತೋ ಹೇಳಬರುವಂತಿರಲಿಲ್ಲ. ಅವನು ಎಂಜಿನ್ ನಿಲ್ಲಿಸಿ ಕೆಳಗಿಳಿದನು. ಮಾವ ಬಂದು ಏನನ್ನೂ ಹೇಳದೆ ಸ್ಕ್ರೂಡ್ರೈವರನ್ನು ಅವನ ಕೈಗೆ ಕೊಟ್ಟರು. ಒಂದು, ಎರಡು, ಮೂರು ಎಂದು ಅವನು ಎಣಿಸಿ ಹೊರಕ್ಕೆ ತಿರುಗಿಸಿದನು.

ಆ ಮೇಲೆ ಜೀಪು ಏರನ್ನು ಹತ್ತಿತು. ಮುಳ್ಳು ಮೆಲ್ಲನೆ ಎದ್ದು 0.8ರ ಬಳಿ ನಿಂತಿತು. ಹಿಂದೆ ಹೊಗೆಯಿರಲಿಲ್ಲ.

ಮಿತಿಯ ಮಾತು

ಇಷ್ಟರಿಂದ ಬೂಸ್ಟ್ ಕಂಟ್ರೋಲರ್ ನಿಷ್ಪ್ರಯೋಜಕವಾದ ವಸ್ತುವೆಂದು ತೀರ್ಮಾನಿಸಬಾರದು. ಅದಕ್ಕೆ ತಕ್ಕ ಸ್ಥಳವಿದೆ. ಅದು ಸ್ಪರ್ಧೆಯ ಕಣ. ಚಿಕ್ಕಮಗಳೂರಿನ ಕಾಫಿ ತೋಟಗಳ ಮಣ್ಣುದಾರಿಗಳಲ್ಲಿ ದೇಶದ ಹೆಸರಾಂತ ಮೋಟಾರು ರ‍್ಯಾಲಿಗಳು ನಡೆದಿವೆ. ಏಷ್ಯಾ ಪೆಸಿಫಿಕ್ ರ‍್ಯಾಲಿಯ ಚಾಂಪಿಯನ್ ಪಟ್ಟವನ್ನು 2013, 2016 ಮತ್ತು 2017ರಲ್ಲಿ ಗೆದ್ದ ಗೌರವ್ ಗಿಲ್ ಈ ಜಿಲ್ಲೆಯ ದಾರಿಗಳಿಗೆ ಅಪರಿಚಿತನಲ್ಲ. ಆದರೆ ಅಂತಹ ಕಣದಲ್ಲಿಯೂ ಉಸಿರಿಗೆ ಕಡಿವಾಣವುಂಟು. ರ‍್ಯಾಲಿಯ ಟರ್ಬೊ ಕಾರುಗಳು ಗಾಳಿಯ ಬಾಯಿಗೆ ನಿಯಮಿತ ಅಳತೆಯ ಬಳೆಯನ್ನು ತೊಡಲೇಬೇಕು. ಫಾರ್ಮುಲಾ ಒನ್ ಪಂದ್ಯಗಳಲ್ಲಿ ಟರ್ಬೊವಿನ ಒತ್ತಡವನ್ನು 1987ರಲ್ಲಿ 4 ಬಾರಿಗೂ 1988ರಲ್ಲಿ 2.5 ಬಾರಿಗೂ ಕಟ್ಟಿಹಾಕಿ, 1989ರಲ್ಲಿ ಟರ್ಬೊವನ್ನೇ ನಿಷೇಧಿಸಿದರು. ಅದು ಮರಳಿ ಬಂದದ್ದು 2014ರಲ್ಲಿ.

ಊರಿನ ರಸ್ತೆಯ ಮಾತು ಬೇರೆ. ತಯಾರಕರು ಗೊತ್ತುಮಾಡಿದ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ವಾಹನವನ್ನು ಮಾರ್ಪಡಿಸುವುದನ್ನು 1988ರ ಮೋಟಾರು ವಾಹನಗಳ ಕಾಯಿದೆಯ 52ನೆಯ ಸೆಕ್ಷನ್ ತಡೆಯುತ್ತದೆ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಇದನ್ನು ಒತ್ತಿ ಹೇಳಿತು. ಅಪಘಾತವಾದಾಗ ವಿಮೆಯ ಹಣಕ್ಕೂ ತಕರಾರು ಬರಬಹುದು. ಅದಲ್ಲದೆ ಈಚಿನ ಕಾರುಗಳಲ್ಲಿ ಒತ್ತಡವನ್ನು ಕಾಯುವ ಸೆನ್ಸರುಗಳಿವೆ. ಸ್ಕ್ರೂ ತಿರುಗಿಸಿ ಅವುಗಳನ್ನು ಏಮಾರಿಸಲು ಹೋದರೆ ಎಂಜಿನ್ ತಾನಾಗಿಯೇ ಶಕ್ತಿಯನ್ನು ಇಳಿಸಿ ಆಮೆಯ ನಡೆಗೆ ಬರುತ್ತದೆ. ಘಟ್ಟದ ನಡುವೆ ಅದು ಸಂಭವಿಸುವುದನ್ನು ಯಾರೂ ಬಯಸಲಾರರು.

ಮಾವನಿಗೆ ಇಷ್ಟೆಲ್ಲ ಕಾರಣಗಳು ಬೇಕಿರಲಿಲ್ಲ. ಆ ಸಂಜೆ ಹಿತ್ತಾಳೆಯ ತುಂಡನ್ನು ಕಳಚಿ ಮೊದಲಿನ ಪೈಪನ್ನೇ ಮತ್ತೆ ಜೋಡಿಸುವಾಗ ಅವರು ಹೇಳಿದ್ದು ಒಂದೇ ಮಾತು: “ಕೀಲು ಹೆಚ್ಚಾದಷ್ಟೂ ಇಲಿಗೆ ಊಟ ಹೆಚ್ಚು. ಮೀಟರು ಮಾತ್ರ ಇರಲಿ. ಅದು ಸುಳ್ಳು ಹೇಳುವುದಿಲ್ಲ.” ಸೀಳಿದ ಹೋಸೂ ಹಿತ್ತಾಳೆಯ ತುಂಡೂ ಒಂದೇ ಬಿಸ್ಕತ್ತಿನ ಡಬ್ಬಿಯನ್ನು ಸೇರಿದವು.

ಹದಿನಾಲ್ಕು ತಿರುವು

ಬಾಳಗಡಿಯಿಂದ ಮಣಿಪಾಲಕ್ಕೆ ಹೋಗುವ ದಾರಿ ನೋಡತಕ್ಕದ್ದು. ಶೃಂಗೇರಿಯಲ್ಲಿ ತುಂಗೆಯ ದಡದ ವಿದ್ಯಾಶಂಕರ ದೇವಾಲಯಕ್ಕೆ ಕೈಮುಗಿದು, ಅಡಿಕೆ ತೋಟಗಳ ನಡುವೆ ಹಾಯ್ದು ಆಗುಂಬೆಯನ್ನು ಸೇರಬೇಕು. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರಿನ ಆಸುಪಾಸು ಮಳೆ ಸುರಿಯುವ ಆ ಊರಿನಲ್ಲಿ ಕಾರ್ತಿಕದಲ್ಲಿಯೂ ಗೋಡೆಗಳ ಪಾಚಿ ಒಣಗಿರುವುದಿಲ್ಲ. ಊರು ದಾಟಿದೊಡನೆ ನೆಲ ಕಾಲ ಕೆಳಗಿನಿಂದ ಕಳಚಿಬಿದ್ದಂತೆ ಘಟ್ಟ ಆರಂಭವಾಗುತ್ತದೆ. ಹದಿನಾಲ್ಕು ಕಡಿದಾದ ತಿರುವುಗಳು. ಪಶ್ಚಿಮಕ್ಕೆ ಕರಾವಳಿಯ ಹಸುರು, ತಳದಲ್ಲಿ ಸೋಮೇಶ್ವರದ ಕಾಡು, ಆಚೆ ಹೆಬ್ರಿ. ರಸ್ತೆಯ ಕಟ್ಟೆಯ ಮೇಲೆ ಕುಳಿತ ಮಂಗಗಳು ಬರುವವರ ಕೈಯ ಪೊಟ್ಟಣಗಳನ್ನು ತೂಗಿನೋಡುತ್ತಿರುತ್ತವೆ.

ಇಳಿಯುವಾಗ ತಾಯಿ ಕಣ್ಣು ಮುಚ್ಚಿ ಕುಳಿತಿದ್ದರು. ವೈದ್ಯರು ಪರೀಕ್ಷಿಸಿ, ಮದ್ದು ಅದನ್ನೇ ಮುಂದುವರಿಸಲು ಹೇಳಿ, ಎರಡು ತಿಂಗಳಿಗೆ ಮತ್ತೆ ಬರಲು ತಿಳಿಸಿದರು. ಹಿಂದಿರುಗಿ ಸೋಮೇಶ್ವರವನ್ನು ಮುಟ್ಟುವಾಗ ಹೊತ್ತು ಇಳಿಯುತ್ತಿತ್ತು. ಘಟ್ಟದ ಬುಡದಲ್ಲಿ ಮಗನು ಗಾಡಿಯನ್ನು ಒಂದು ನಿಮಿಷ ನಿಲ್ಲಿಸಿದನು. ತಾಯಿ ಅವನ ಕಡೆ ನೋಡಿದರು, ಆದರೆ ಇಳಿಯುವೆನೆನ್ನಲಿಲ್ಲ.

ಮೊದಲ ತಿರುವಿನಲ್ಲಿ ಮುಳ್ಳು ಎದ್ದಿತು, ತಿರುವು ಮುಗಿದು ಗೇರು ಬದಲಿಸಿದಾಗ ಇಳಿಯಿತು, ಮತ್ತೆ ಎದ್ದಿತು. ಹಿಂದಿನ ಸೀಟಿನಲ್ಲಿದ್ದ ಮಾವ ಎಂಜಿನ್ನಿನ ಸದ್ದಿಗೆ ಕಿವಿಗೊಟ್ಟಿದ್ದರು. ಆರನೆಯ ತಿರುವಿನಲ್ಲಿ ಎದುರಿನಿಂದ ಬಂದ ಮಿನಿ ಬಸ್ಸಿಗೆ ದಾರಿ ಬಿಡಲು ನಿಲ್ಲಬೇಕಾಯಿತು. ಹೊರಡುವಾಗ ಯಾರೂ ಮಾತನಾಡಲಿಲ್ಲ. ಕ್ಲಚ್ಚು ಮೆಲ್ಲನೆ ಮೇಲೆ ಬಂದಿತು; ಗಾಡಿ ಒಂದಂಗುಲವೂ ಹಿಂದಕ್ಕೆ ಸರಿಯದೆ ಮುಂದಕ್ಕೆ ಹೊರಟಿತು.

ಹದಿನಾಲ್ಕನೆಯ ತಿರುವನ್ನು ದಾಟಿ ಆಗುಂಬೆಯ ಮಂಜನ್ನು ಹೊಕ್ಕ ಮೇಲೆ ತಾಯಿ ಕಿಟಕಿಯ ಗಾಜನ್ನು ಇಳಿಸಿ ಒಮ್ಮೆ ಹಿಂದಕ್ಕೆ ನೋಡಿದರು. ರಸ್ತೆಯ ಮೇಲೆ ಸಂಜೆಯ ಮಂಜಿನ ಹೊರತು ಇನ್ನೇನೂ ಇರಲಿಲ್ಲ.

“ಇವತ್ತು ಹೊಗೆ ಬರಲಿಲ್ಲ ಅಲ್ಲವಾ?” ಎಂದು ಕೇಳಿ, ಉತ್ತರಕ್ಕೆ ಕಾಯದೆ, ಮಡಿಲಿನಲ್ಲಿದ್ದ ಮದ್ದಿನ ಪೊಟ್ಟಣವನ್ನು ಚೀಲಕ್ಕೆ ಹಾಕಿದರು. ಜೀಪು ಶೃಂಗೇರಿಯ ದಾರಿ ಹಿಡಿದು ಬಾಳಗಡಿಯ ಕಡೆಗೆ ಸಾಗಿತು.